ಮಾತು ಮುಗಿಯುವವರೆಗೂ ತಂಪು

ನವೆಂಬರ್ ತಿಂಗಳ ಡಾರ್ವಿನ್‌ನಲ್ಲಿ ಮಳೆ ಇನ್ನೂ ಸರಿಯಾಗಿ ಹಿಡಿದಿರುವುದಿಲ್ಲ, ಆದರೆ ಗಾಳಿಯ ತುಂಬ ನೀರಿರುತ್ತದೆ. ಆಸ್ಟ್ರೇಲಿಯಾದ ಉತ್ತರ ತುದಿಯ ಈ ಊರಿನವರು ಮಳೆಗಾಲಕ್ಕೆ ಮುಂಚಿನ ಆ ಎರಡು-ಮೂರು ತಿಂಗಳನ್ನು ‘ಬಿಲ್ಡ್-ಅಪ್’ ಎನ್ನುತ್ತಾರೆ. ಮಂಗಳೂರಿನ ಮೇ ತಿಂಗಳ ಸೆಕೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಸಂಜೆ ಪಬ್ಬಿನ ಹೊರಗಿನ ಮೇಜಿಗೆ ಫ್ರಿಜ್ಜಿನಿಂದ ತೆಗೆದ ಬಿಯರ್ ಬಾಟಲಿ ಬಂದು ಕೂತರೆ, ನೋಡನೋಡುತ್ತಲೇ ಅದರ ಮೈ ಮಸುಕಾಗುತ್ತದೆ. ಮಸುಕು ಹನಿಗಟ್ಟುತ್ತದೆ, ಹನಿ ಜಾರಿ ಮೇಜಿನ ಮೇಲೆ ನೀರಿನ ಉಂಗುರವಾಗುತ್ತದೆ. ತಂಪು ಪಾನೀಯಗಳ ಜಾಹೀರಾತುಗಳೆಲ್ಲ ಆ ಹನಿಗಳನ್ನೇ ತಂಪಿನ ಗುರುತಾಗಿ ತೋರಿಸುತ್ತವೆ. ನಿಜವೆಂದರೆ ಒಂದೊಂದು ಹನಿಯೂ ಒಳಗಿನ ಪಾನೀಯಕ್ಕೆ ಬಿಸಿ ಕೊಟ್ಟೇ ಅಲ್ಲಿ ಕೂತಿರುತ್ತದೆ.

ಗಾಳಿಯಲ್ಲಿರುವ ಆವಿ ನೀರಾಗಬೇಕಾದರೆ ತನ್ನೊಳಗಿನ ಶಾಖವನ್ನು ಬಿಟ್ಟುಕೊಡಬೇಕು. ತಣ್ಣಗಿನ ಬಾಟಲಿ ಎದುರಿಗಿದ್ದರೆ ಆ ಶಾಖವೆಲ್ಲ ಅದರ ಪಾಲು. ಒಂದೇ ಒಂದು ಗ್ರಾಂ ಆವಿ ಹನಿಯಾಗುವಾಗ ಬಿಡುವ ಶಾಖ 100 ಗ್ರಾಂ ಪಾನೀಯವನ್ನು ಐದೂವರೆ ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬೆಚ್ಚಗೆ ಮಾಡಬಲ್ಲದು. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಹವಾಮಾನ ವಿಜ್ಞಾನಿಗಳು, ಡೇಲ್ ಡ್ಯೂರನ್ ಮತ್ತು ಡಾರ್ಗನ್ ಫ್ರೈಯರ್ಸನ್, ಈ ಸಂಗತಿಯನ್ನು ಲೆಕ್ಕಕ್ಕೆ ಬಿಟ್ಟು ಸುಮ್ಮನಾಗಲಿಲ್ಲ. ಮನೆಯ ಬಚ್ಚಲಲ್ಲಿ ಬಿಸಿನೀರಿನ ಶವರ್ ಬಿಟ್ಟು, ಹೀಟರ್ ಹಚ್ಚಿ, ಸೆಕೆ ಹುಟ್ಟಿಸಿ, ತಣ್ಣಗಿನ ಕ್ಯಾನ್ ಇಟ್ಟು ಮೊದಲ ಪ್ರಯೋಗ ಮಾಡಿದರು. ಆಮೇಲೆ ವಿದ್ಯಾರ್ಥಿಗಳ ಜೊತೆ ಪ್ರಯೋಗಾಲಯದಲ್ಲಿ ಕ್ರಮವಾಗಿ ಅಳೆದರು. 2013ರ ಏಪ್ರಿಲ್‌ನಲ್ಲಿ ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ಅವರ ಬರಹ ಬಂತು. ಕ್ಯಾನಿನ ಮೈಮೇಲೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳುವಾದ ನೀರಿನ ಪದರ ಕಟ್ಟಿದರೆ ಸಾಕು, ಒಳಗಿನ ಪಾನೀಯ ಸುಮಾರು 5 ಡಿಗ್ರಿ ಏರುತ್ತದೆ. ತೇವ ತುಂಬಿದ ಸೆಕೆಯಲ್ಲಿ ಸುತ್ತಲಿನ ಬಿಸಿ ಗಾಳಿ ಕೊಡುವ ಶಾಖಕ್ಕಿಂತ ಈ ಹನಿಗಳು ಕೊಡುವ ಶಾಖವೇ ಹೆಚ್ಚಾಗಬಹುದು ಎಂಬುದು ಅವರು ಕಂಡುಕೊಂಡದ್ದು. ಚಂಡಮಾರುತಗಳಿಗೆ ಬಲ ತುಂಬುವುದೂ ಇದೇ ಶಾಖ. ಅದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸಲು ಬಿಯರ್ ಕ್ಯಾನಿಗಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಡಾರ್ವಿನ್‌ನ ಜನರಿಗೆ ಈ ಬರಹ ಬರುವ ಎಷ್ಟೋ ಮೊದಲೇ ಇದರ ಮದ್ದು ಗೊತ್ತಿತ್ತು. ಅಲ್ಲಿನ ಮನೆಮನೆಯ ಅಡುಗೆಮನೆಯಲ್ಲೂ ರಬ್ಬರಿನಂಥ ಮೆತ್ತನೆಯ ತೋಳುಗಳು ಸಿಗುತ್ತವೆ. ಹೆಸರು ‘ಸ್ಟಬಿ ಹೋಲ್ಡರ್’. ಸ್ಟಬಿ ಎಂದರೆ 375 ಮಿಲಿಲೀಟರಿನ ಕುಳ್ಳ ಬಾಟಲಿ. ಮೊದಮೊದಲು ಥರ್ಮಕೋಲಿನಲ್ಲಿ ಬರುತ್ತಿದ್ದ ಈ ಕವಚ ಈಗ ಹೆಚ್ಚಾಗಿ ನಿಯೊಪ್ರೀನ್‌ನದು, ಅಂದರೆ ಕಡಲಲ್ಲಿ ಮುಳುಗುವವರು, ಅಲೆಯೇರಿ ಆಡುವವರು ತೊಡುವ ಪೋಷಾಕಿನದೇ ಬಟ್ಟೆ. ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಅನಿಲದ ಗುಳ್ಳೆಗಳಿವೆ, ಒಂದೊಂದೂ ಮುಚ್ಚಿಕೊಂಡಿರುತ್ತವೆ. ಶಾಖ ಅದನ್ನು ದಾಟಲು ತಿಣುಕಬೇಕು. ಅದಕ್ಕಿಂತ ದೊಡ್ಡ ಉಪಕಾರ ಬೇರೆಯೇ ಇದೆ: ಗಾಳಿಯ ಆವಿಗೆ ತಣ್ಣಗಿನ ಗಾಜು ಸಿಗುವುದೇ ಇಲ್ಲ. ಕವಚದ ಹೊರಮೈ ಸಾಕಷ್ಟು ಬೆಚ್ಚಗಿರುವುದರಿಂದ ಹನಿ ಕಟ್ಟುವುದಿಲ್ಲ, ಹನಿಯಿಲ್ಲದಿದ್ದರೆ ಅದರ ಶಾಖವೂ ಇಲ್ಲ. ಅಂಗೈಯ ಬಿಸಿಯೂ ಅಲ್ಲೇ ನಿಲ್ಲುತ್ತದೆ. ಬಾಟಲಿ ಹಿಡಿದು ಮಾತಿಗೆ ನಿಂತವರ ಅಂಗೈ 30 ಡಿಗ್ರಿಗಿಂತ ಮೇಲಿದ್ದರೆ ಬಿಯರು 3-4 ಡಿಗ್ರಿಯಲ್ಲಿರುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ಲಾಭವಲ್ಲ.

ಆಸ್ಟ್ರೇಲಿಯಾದಲ್ಲಿ ಈ ಕವಚಕ್ಕೆ ಒಂದು ಸಾಮಾಜಿಕ ಬದುಕೇ ಇದೆ. ಮದುವೆಗೆ ಬಂದವರಿಗೆ ವಧೂವರರ ಹೆಸರು ಅಚ್ಚು ಹಾಕಿಸಿ ಕೊಡುತ್ತಾರೆ. ಫುಟ್‌ಬಾಲ್ ಕ್ಲಬ್ಬು, ಮೀನುಗಾರಿಕೆ ಪಂದ್ಯ, ಹಳ್ಳಿಯ ಕುದುರೆ ಓಟ, ಐವತ್ತನೇ ಹುಟ್ಟುಹಬ್ಬ, ಯಾವುದಾದರೂ ಸರಿ, ನೆನಪಿಗೊಂದು ಸ್ಟಬಿ ಹೋಲ್ಡರ್. ನಮ್ಮಲ್ಲಿ ಮದುವೆಗೆ ಹೋದವರು ತಾಂಬೂಲದ ಚೀಲ ಹಿಡಿದು ಬರುವಂತೆ ಅಲ್ಲಿ ಇದನ್ನು ಹಿಡಿದು ಬರುತ್ತಾರೆ.

ಇಷ್ಟೆಲ್ಲ ಪ್ರೀತಿ ಒಂದು ತೋಳಿನ ಮೇಲೆ ಹುಟ್ಟಬೇಕಾದರೆ ಆ ದೇಶ ತಂಪಿಗಾಗಿ ಎಷ್ಟು ಪಾಡುಪಟ್ಟಿತ್ತು ಎಂಬುದನ್ನು ನೋಡಬೇಕು.

ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಬಿಸಿ ನಾಡುಗಳ ಐಸು ಹೆಚ್ಚಾಗಿ ಅಮೆರಿಕದ ಬೋಸ್ಟನ್ನಿನಿಂದ ಹಡಗಿನಲ್ಲಿ ಬರಬೇಕಿತ್ತು. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1806ರಲ್ಲಿ ಮಾರ್ಟಿನೀಕ್ ದ್ವೀಪಕ್ಕೆ ಮೊದಲ ಹಡಗು ಕಳಿಸಿದ. 1833ರಲ್ಲಿ ಅವನ ಐಸು ಕಲ್ಕತ್ತೆ ಮುಟ್ಟಿತು. ಮದರಾಸಿನ ಕಡಲದಂಡೆಯಲ್ಲಿ ಅದಕ್ಕೆಂದೇ ಕಟ್ಟಿದ ಐಸ್ ಹೌಸ್ ಇವತ್ತು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಹೆಪ್ಪುಗಟ್ಟಿದ ಕೆರೆಗಳಿಂದ ಕೊಯ್ದ ಮಂಜಿನ ಚಪ್ಪಡಿಗಳನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಸಮಭಾಜಕ ವೃತ್ತ ದಾಟಿಸುತ್ತಿದ್ದರು. ಟ್ಯೂಡರನ ಜಾಣತನ ಹಡಗಿನಲ್ಲಷ್ಟೇ ಇರಲಿಲ್ಲ. ಹೊಸ ಊರಿಗೆ ಹೋದಾಗ ಪಾನಗೃಹಗಳವರಿಗೆ ಮೊದಮೊದಲು ಐಸನ್ನು ಪುಕ್ಕಟೆ ಕೊಡುತ್ತಿದ್ದ. ಒಮ್ಮೆ ತಣ್ಣಗೆ ಕುಡಿದ ಬಾಯಿ ಮತ್ತೆ ಬೆಚ್ಚಗಿನದನ್ನು ಒಪ್ಪುವುದಿಲ್ಲ ಎಂಬುದು ಅವನಿಗೆ ಖಚಿತವಾಗಿ ಗೊತ್ತಿತ್ತು.

ಆಸ್ಟ್ರೇಲಿಯಾದಲ್ಲಿ ಈ ಪರಾವಲಂಬನೆ ಮುರಿಯಲು ಹೊರಟವರು ಒಬ್ಬ ಪತ್ರಕರ್ತರು. ಸ್ಕಾಟ್ಲೆಂಡಿನಲ್ಲಿ 1816ರಲ್ಲಿ ಹುಟ್ಟಿದ ಜೇಮ್ಸ್ ಹ್ಯಾರಿಸನ್, ಮೆಲ್ಬರ್ನ್ ಹತ್ತಿರದ ಜೀಲಾಂಗ್‌ನಲ್ಲಿ ‘ಜೀಲಾಂಗ್ ಅಡ್ವರ್ಟೈಸರ್’ ಪತ್ರಿಕೆಯ ಸಂಪಾದಕರಾಗಿದ್ದರು. ಅಚ್ಚಿನ ಮೊಳೆಗಳನ್ನು ಈಥರ್‌ನಿಂದ ಒರೆಸುವಾಗ ಲೋಹ ತಣ್ಣಗಾಗುವುದನ್ನು ಗಮನಿಸಿದ್ದೇ ಅವರ ಶೋಧದ ಮೂಲ ಎಂದು ಹೇಳುತ್ತಾರೆ. ಬಾರ್ವನ್ ನದಿಯ ದಂಡೆಯಲ್ಲಿ ಯಂತ್ರ ಹೂಡಿ, ಈಥರ್ ಆವಿಯಾಗುವಾಗ ಹುಟ್ಟುವ ತಂಪಿನಿಂದ ಐಸು ಮಾಡಿ ತೋರಿಸಿದರು. 1856ರಲ್ಲಿ ಬ್ರಿಟನ್ನಿನ ಪೇಟೆಂಟನ್ನೂ ಪಡೆದರು. ಅದು ಹೊಸದಾಗಿ ಚಿನ್ನ ಸಿಕ್ಕಿದ ಕಾಲ, ಗಣಿಯೂರುಗಳಲ್ಲಿ ಬಾಯಾರಿದವರು ಸಾವಿರಾರು. ಆದರೂ ಐಸಿನ ವ್ಯಾಪಾರ ಹ್ಯಾರಿಸನ್ನರ ಕೈ ಹಿಡಿಯಲಿಲ್ಲ, ದಿವಾಳಿಯಾದರು. 1873ರಲ್ಲಿ ‘ನಾರ್ಫೋಕ್’ ಹಡಗಿನಲ್ಲಿ ಲಂಡನ್ನಿಗೆ ಕಳಿಸಿದ ತಣ್ಣಗಿನ ಮಾಂಸವೂ ದಾರಿಯಲ್ಲಿ ಕೆಟ್ಟಿತು. ಇಂದು ಜಗತ್ತಿನ ಪ್ರತಿ ಬಾರಿನ ಹಿಂದೆ ಗುಂಯ್‌ಗುಡುವ ಫ್ರಿಜ್ಜು ಆವಿಯನ್ನು ಒತ್ತಿ, ಹಿಗ್ಗಿಸಿ ತಂಪು ಮಾಡುವ ಅದೇ ತತ್ವದ ಮೇಲೆ ನಡೆಯುತ್ತಿದೆ. ಆ ಮನುಷ್ಯನಿಗೆ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲ.

ಫಾಸ್ಟರ್ ಸಹೋದರರು, ವಿಲಿಯಂ ಮತ್ತು ರಾಲ್ಫ್, ನ್ಯೂಯಾರ್ಕಿನಿಂದ ಮೆಲ್ಬರ್ನಿಗೆ ಬಂದದ್ದು 1880ರ ದಶಕದಲ್ಲಿ. ಜೊತೆಗೆ ಐಸು ಮಾಡುವ ಯಂತ್ರ ತಂದಿದ್ದರು. ಊರಿನವರು ಅದುವರೆಗೆ ಕುಡಿಯುತ್ತಿದ್ದದ್ದು ಇಂಗ್ಲೆಂಡಿನ ಮಾದರಿಯ ಗಟ್ಟಿ ಏಲ್. ಇವರದು ತಂಪಿನಲ್ಲೇ ಹುದುಗಿ ತಂಪಿನಲ್ಲೇ ಕುಡಿಯಬೇಕಾದ ತಿಳಿ ಲಾಗರ್. 1889ರಲ್ಲಿ ಮಾರಾಟ ಶುರುವಾದಾಗ, ಬಿಯರ್ ಕೊಂಡ ಪಬ್ಬುಗಳಿಗೆ ಬೇಸಿಗೆಯಲ್ಲಿ ಐಸನ್ನು ಬಿಟ್ಟಿಯಾಗಿ ಕಳಿಸಿಕೊಟ್ಟರು. ಟ್ಯೂಡರನ ಉಪಾಯವೇ ಎಂಬತ್ತು ವರ್ಷಗಳ ನಂತರ ಮತ್ತೆ ಫಲ ಕೊಟ್ಟಿತು. ಸಹೋದರರು ಬೇಗನೆ ಕಂಪನಿ ಮಾರಿ ಹೊರಟುಹೋದರು, ಹೆಸರು ಮಾತ್ರ ಉಳಿಯಿತು. ಆಸ್ಟ್ರೇಲಿಯಾದ ನಾಲಿಗೆಗೆ ತಣ್ಣಗಿನ ಬಿಯರಿನ ರುಚಿಯೂ ಉಳಿಯಿತು.

ಪೀಪಾಯಿಯಿಂದ ಗ್ಲಾಸಿಗೆ ಬರುವವರೆಗಿನ ತಂಪು ಯಂತ್ರದ ಕೆಲಸ. ಗ್ಲಾಸಿಗೆ ಬಂದ ಮೇಲಿನ ತಂಪು ಮನುಷ್ಯರದು. ಅದು ಒಟ್ಟಿಗೆ ಕೂರುವ ರೀತಿ, ಮಾತಿನ ಓಘ, ಗ್ಲಾಸಿನ ಅಳತೆಗಳಲ್ಲಿ ತೀರ್ಮಾನವಾಗುತ್ತದೆ. ಆಸ್ಟ್ರೇಲಿಯಾದ ಪಬ್ಬುಗಳಲ್ಲಿ ಇದು ಢಾಳಾಗಿ ಕಾಣುತ್ತದೆ. ಮೆಲ್ಬರ್ನಿನಲ್ಲಿ ‘ಪಾಟ್’ ಎಂದರೆ 285 ಮಿಲಿಲೀಟರ್. ಸಿಡ್ನಿಯಲ್ಲಿ ಅಷ್ಟೇ ಅಳತೆಗೆ ‘ಮಿಡಿ’, ಡಾರ್ವಿನ್‌ನಲ್ಲಿ ‘ಹ್ಯಾಂಡಲ್’. ಅಡಿಲೇಡಿನಲ್ಲಿ ಅದು ‘ಸ್ಕೂನರ್’, ಆದರೆ ಸಿಡ್ನಿಯಲ್ಲಿ ಸ್ಕೂನರ್ ಕೇಳಿದರೆ 425 ಮಿಲಿ ಬರುತ್ತದೆ. ಅಡಿಲೇಡಿನಲ್ಲೇ 200 ಮಿಲಿಯ ‘ಬುಚರ್’ ಕೂಡ ಇದೆ. ಬ್ರಿಟನ್ನಿನಿಂದ ಬಂದ 570 ಮಿಲಿಯ ಪೈಂಟು ಈ ನಾಡಿನ ಸೆಕೆಯಲ್ಲಿ ಬಹುಕಾಲ ಹಿಂದೆ ಸರಿದು ನಿಂತಿತ್ತು. ಅಷ್ಟು ದೊಡ್ಡ ಗ್ಲಾಸಿನ ತಳ ಮುಟ್ಟುವ ಹೊತ್ತಿಗೆ ಬಿಯರು ಬೆಚ್ಚಗಾಗಿರುತ್ತದೆ ಎಂಬುದು ಅಲ್ಲಿನ ಹಳಬರು ಕೊಡುವ ಕಾರಣ. ಬೆಚ್ಚಗಾದದ್ದು ರುಚಿಗೆಡಲು ಕಾರಣವೂ ಸ್ಪಷ್ಟ. ಸೊನ್ನೆ ಡಿಗ್ರಿಯಲ್ಲಿ ಕರಗಿರಬಲ್ಲ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧದಷ್ಟು ಮಾತ್ರ 20 ಡಿಗ್ರಿಯಲ್ಲಿ ಕರಗಿರಬಲ್ಲದು. ತಂಪು ಹೋದಂತೆ ಚುರುಕೂ ಹೋಗುತ್ತದೆ. ನಿಂಬೆ ಸೋಡಾ ಹಿಡಿದು ಕೂತವರಿಗೂ ಅದೇ ಗತಿ.

ಈ ನಾಡಿನಲ್ಲಿ ತಂಪಿನ ಚಿಂತೆಯೇ ಇಲ್ಲದ ಕಾಲವೂ ಒಂದಿತ್ತು, ಆದರೆ ಅದು ಸುಖದ ಕಾಲವಲ್ಲ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ದಕ್ಷಿಣ ಆಸ್ಟ್ರೇಲಿಯಾ, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಮತ್ತು ಟಾಸ್ಮೇನಿಯಾ ರಾಜ್ಯಗಳಲ್ಲಿ ಪಬ್ಬುಗಳು ಸಂಜೆ ಆರಕ್ಕೇ ಮುಚ್ಚಬೇಕೆಂಬ ನಿಯಮ ಬಂತು. ಕಾರ್ಖಾನೆ, ಕಚೇರಿ ಬಿಡುವುದು ಐದಕ್ಕೆ. ಉಳಿದ ಒಂದು ತಾಸಿನಲ್ಲಿ ಗಂಡಸರು ಭುಜಕ್ಕೆ ಭುಜ ತಾಗಿಸಿ ನಿಂತು ಗಟಗಟನೆ ಕುಡಿಯುತ್ತಿದ್ದರು. ಪಬ್ಬಿನವರು ಗ್ಲಾಸು ತುಂಬಿಸಲು ಉದ್ದನೆಯ ಕೊಳವೆ ಹಿಡಿದು ಬರುತ್ತಿದ್ದರು, ತೊಳೆಯಲು ಸುಲಭವೆಂದು ಗೋಡೆಗೆ ಟೈಲ್ಸ್ ಹಾಕಿಸಿದ್ದರು. ಬಿಯರು ಬೆಚ್ಚಗಾಗಲು ಪುರಸೊತ್ತೇ ಇರಲಿಲ್ಲ, ಮಾತಿಗೂ ಇರಲಿಲ್ಲ. ನ್ಯೂ ಸೌತ್ ವೇಲ್ಸಿನಲ್ಲಿ 1955ರಲ್ಲಿ, ವಿಕ್ಟೋರಿಯಾದಲ್ಲಿ 1966ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದಲ್ಲಿ 1967ರಲ್ಲಿ ಆ ನಿಯಮ ಹೋಯಿತು. ಕುರ್ಚಿಗಳು ಬಂದವು, ಊಟ ಬಂತು, ಮನೆಮಂದಿ ಬಂದರು. ಕೂತು ಮಾತಾಡುವ ಹೊತ್ತು ಬೆಳೆದಂತೆ ತಂಪು ಉಳಿಸುವ ಪ್ರಶ್ನೆಯೂ ಬೆಳೆಯಿತು.

ಅಲ್ಲಿ ಸರದಿಯ ಮೇಲೆ ಎಲ್ಲರಿಗೂ ಕುಡಿಸುವ ಪದ್ಧತಿ ಇದೆ, ‘ಶೌಟ್’ ಎನ್ನುತ್ತಾರೆ. ನಾಲ್ಕು ಜನ ಕೂತರೆ ನಾಲ್ಕು ಸರದಿ. ನಿಧಾನವಾಗಿ ಕುಡಿಯುವವರಿಗೆ ಇದು ಸಂಕಟ: ಬೇಗ ಮುಗಿಸಿದವರು ಕಾಯುತ್ತಿರುತ್ತಾರೆ, ಇತ್ತ ಕೈಯಲ್ಲಿರುವುದು ಬೆಚ್ಚಗಾಗುತ್ತಿರುತ್ತದೆ. ಎರಡೂ ಕಡೆಯಿಂದ ಅವಸರ. ಗ್ಲಾಸಿಗೊಂದು ಕವಚ, ಅಥವಾ ಗ್ಲಾಸೇ ಸಣ್ಣದು ಇದ್ದರೆ ಈ ಒತ್ತಡದಲ್ಲಿ ಅರ್ಧವಾದರೂ ತಗ್ಗುತ್ತದೆ. ಒಂದೇ ಬಾಟಲಿಯನ್ನು ಮುಕ್ಕಾಲು ಗಂಟೆ ಎಳೆದು, ಗೆಳೆಯರ ಕಷ್ಟಸುಖ ಕೇಳಿ, ನೆಟ್ಟಗೆ ಮನೆಗೆ ಹೋಗುವ ಅವಕಾಶವನ್ನು ಈ ಪುಟ್ಟ ವಸ್ತು ಕೊಡುತ್ತದೆ. ಅದರ ನಿಜವಾದ ಬೆಲೆ ಇರುವುದು ಅಲ್ಲಿ.

ಬ್ರೆಜಿಲಿನ ಬೀದಿಬದಿಯ ಬಾರುಗಳು, ಅಂದರೆ ‘ಬೊಟೆಕೊ’ಗಳು, ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟುಕೊಂಡಿವೆ. ಅಲ್ಲಿ ಯಾರೂ ತಮಗೊಂದು ಬಾಟಲಿ ಎಂದು ಕೇಳುವ ರೂಢಿಯಿಲ್ಲ. 600 ಮಿಲಿಯ ಒಂದು ಬಾಟಲಿ ಮೇಜಿಗೆ ಬರುತ್ತದೆ, ಸುತ್ತ ಕೂತವರಿಗೆಲ್ಲ ಪುಟ್ಟ ಗ್ಲಾಸುಗಳು. ಸಾವೊ ಪಾಲೊದ ನಾದಿರ್ ಫಿಗೆರೆದೊ ಕಂಪನಿ 1947ರಲ್ಲಿ ತಂದ, ಮೈಮೇಲೆ ಉದ್ದುದ್ದ ಗೆರೆಗಳಿರುವ 190 ಮಿಲಿಯ ‘ಕೊಪೊ ಅಮೆರಿಕಾನೊ’ ಇವತ್ತಿಗೂ ಅಲ್ಲಿನ ಬಾರುಗಳ ಗ್ಲಾಸು. ಬಾಟಲಿ ಮಾತ್ರ ದಪ್ಪ ಪ್ಲಾಸ್ಟಿಕ್ ಕವಚದೊಳಗೆ ಕೂತಿರುತ್ತದೆ. ದಾಸ್ತಾನು ಬೆಚ್ಚಗಾಗುವುದಿಲ್ಲ, ಗ್ಲಾಸಿನಲ್ಲಿರುವುದು ಬೆಚ್ಚಗಾಗುವ ಮೊದಲೇ ಖಾಲಿ. ಫ್ರೀಜರಿನ ಅಳತೆಯನ್ನೂ ಸೊನ್ನೆಗಿಂತ ಕೆಳಗಿಡುತ್ತಾರೆ. ಬಿಯರ್ ಹೆಪ್ಪುಗಟ್ಟುವುದು ಸುಮಾರು ಮೈನಸ್ ಎರಡು-ಎರಡೂವರೆ ಡಿಗ್ರಿಯಲ್ಲಿ, ಅದರ ಅಂಚಿನವರೆಗೂ ತಂದು ನಿಲ್ಲಿಸುವುದು ಅಲ್ಲಿನ ಮಾಲೀಕರ ಹೆಮ್ಮೆ. ಹೊರತೆಗೆದಾಗ ಬಾಟಲಿಗೆ ಬಿಳಿಯ ಹಿಮದ ಪರದೆ ಹೊದಿಸಿದಂತಿರುತ್ತದೆ. ಕೆಲವೊಮ್ಮೆ ಮುಚ್ಚಳ ತೆಗೆದೊಡನೆ ಒಳಗಿನದೆಲ್ಲ ಕಣ್ಣೆದುರೇ ಹರಳುಗಟ್ಟುವುದೂ ಉಂಟು.

ಜರ್ಮನಿಯ ಕೋಲ್ನ್ ನಗರ ತಂಪು ಉಳಿಸಲು ಯಾವ ಕವಚವನ್ನೂ ನಂಬಿಲ್ಲ, ಮನುಷ್ಯರನ್ನು ನಂಬಿದೆ. ಅಲ್ಲಿನ ‘ಕೋಲ್ಷ್’ ಬಿಯರ್ ಬರುವುದು ಬಳುಕುವಷ್ಟು ತೆಳುವಾದ 200 ಮಿಲಿಯ ನೀಳ ಗ್ಲಾಸಿನಲ್ಲಿ. ‘ಕೋಬೆಸ್’ ಎಂದು ಕರೆಸಿಕೊಳ್ಳುವ ಪರಿಚಾರಕರು ದುಂಡು ತಟ್ಟೆಯಲ್ಲಿ ತುಂಬಿದ ಗ್ಲಾಸುಗಳನ್ನಿಟ್ಟುಕೊಂಡು ಸುತ್ತುತ್ತಲೇ ಇರುತ್ತಾರೆ. ಖಾಲಿಯಾದದ್ದು ಕಂಡರೆ ಕೇಳದೆಯೇ ಇನ್ನೊಂದನ್ನಿಟ್ಟು, ಕೆಳಗಿನ ರಟ್ಟಿನ ಮೇಲೆ ಪೆನ್ಸಿಲಿನ ಗೀಟು ಹಾಕಿ ಹೋಗುತ್ತಾರೆ. ಸಾಕಾದವರು ಅದೇ ರಟ್ಟನ್ನು ಗ್ಲಾಸಿನ ಬಾಯಿಗೆ ಮುಚ್ಚಬೇಕು. ಮಾತು ನಿಲ್ಲಿಸಿ ಯಾರನ್ನೂ ಕೂಗಬೇಕಾಗಿಲ್ಲ. ಮುಚ್ಚುವುದನ್ನು ಮರೆತವರು ಎಣಿಕೆ ತಪ್ಪುತ್ತಾರೆ ಎಂಬುದು ಅದರ ದೊಡ್ಡ ದೋಷ.

ಇನ್ನು ವಿಸ್ಕಿಗೆ ಐಸಿನ ಬದಲು ಹಾಕುವ ಕಲ್ಲುಗಳು. ಪಾನೀಯ ನೀರಾಗದಂತೆ ತಂಪು ಮಾಡುತ್ತವೆ ಎಂದು ಮಾರುತ್ತಾರೆ. ಹೊಯ್ಸಳ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲಿನ ಜಾತಿಯವೇ ಅವು. ಆದರೆ ಐಸಿನ ಬಲವಿರುವುದು ಕರಗುವುದರಲ್ಲಿ. ಫ್ರೀಜರಿನಿಂದ ತೆಗೆದ 20 ಗ್ರಾಂ ಐಸು ಪೂರ್ತಿ ಕರಗುವಷ್ಟರಲ್ಲಿ ಹೀರಿಕೊಳ್ಳುವ ಶಾಖ, ಅಷ್ಟೇ ತೂಕದ ಕಲ್ಲು ಹೀರುವುದಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು. ಕಲ್ಲು ಕರಗುವುದಿಲ್ಲವಾದ್ದರಿಂದ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಹೆಚ್ಚು ನೀರು ಬೆರೆಯುವುದು ಬೇಡವೆಂದರೆ ಚೂರು ಐಸಿನ ಬದಲು ಒಂದೇ ದೊಡ್ಡ ಗಡ್ಡೆ ಹಾಕಿಸಿಕೊಳ್ಳುವುದು ವಾಸಿ.

ತಂಪಿನ ಲೆಕ್ಕ ಒಣ ಸೀಮೆಯಲ್ಲಿ ತಲೆಕೆಳಗಾಗುತ್ತದೆ. 1890ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಒಣ ಒಳನಾಡಿನ ಕೂಲ್ಗಾರ್ಡಿಯಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದಾಗ ಅಲ್ಲಿ ಐಸಿನ ಸುಳಿವೇ ಇರಲಿಲ್ಲ. ಒಂದು ಚೌಕಟ್ಟಿಗೆ ಗೋಣಿತಟ್ಟು ಹೊದಿಸಿ, ಮೇಲಿನ ತಟ್ಟೆಯಿಂದ ಅದಕ್ಕೆ ನೀರು ಜಿನುಗುವಂತೆ ಮಾಡಿ, ಗಾಳಿಗೆ ಇಟ್ಟರು. ನೀರು ಆರುತ್ತ ಹೋದಂತೆ ಒಳಗೆ ತಂಪು. ಇದೇ ‘ಕೂಲ್ಗಾರ್ಡಿ ಸೇಫ್’. ಕಲಬುರಗಿ, ರಾಯಚೂರಿನ ಮನೆಗಳ ಹರವಿ, ಹೂಜಿಗಳು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ಹನಿಯಾಗುವಾಗ ನೀರು ಎಷ್ಟು ಶಾಖ ಕೊಡುತ್ತದೋ, ಆವಿಯಾಗುವಾಗ ಅಷ್ಟನ್ನೇ ಕಸಿದುಕೊಳ್ಳುತ್ತದೆ. ಹಾಗಾಗಿ ಬಯಲುಸೀಮೆಯ ಹೂಜಿ ಮಂಗಳೂರಿನ ಸೆಕೆಯಲ್ಲಿ ಮಂಕಾಗುತ್ತದೆ, ಮಂಗಳೂರಿನಲ್ಲಿ ಧಾರಾಕಾರ ಬೆವರುವ ಬಾಟಲಿ ಕಲಬುರಗಿಯ ಒಣ ಬಿಸಿಲಲ್ಲಿ ಅಷ್ಟು ಬೆವರುವುದಿಲ್ಲ.

ಆದರೆ ಹೂಜಿಯ ಉಪಾಯ ಬಿಯರಿಗೆ ಹೊಂದುವುದಿಲ್ಲ. ಒದ್ದೆ ಬಟ್ಟೆ ನೀರನ್ನು ಹಿತವಾದ ತಂಪಿನವರೆಗೆ ಇಳಿಸೀತು, 4 ಡಿಗ್ರಿಗೆ ಇಳಿಸಲಾರದು. ಈಗಾಗಲೇ ತಣ್ಣಗಿರುವ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿದರೆ ಆರುವ ಬದಲು ಆವಿ ಅದರ ಮೇಲೇ ಬಂದು ಕೂರುತ್ತದೆ. ನಮ್ಮ ಬಾರುಗಳಲ್ಲಿ ಬಾಟಲಿಗೆ ಟಿಶ್ಯೂ ಪೇಪರ್ ಸುತ್ತಿ ಕೊಡುವ ರೂಢಿಯಿದೆಯಲ್ಲ, ಕೈ ಒದ್ದೆಯಾಗುವುದು ತಪ್ಪುತ್ತದೆ ಅಷ್ಟೆ. ನೀರು ಹೀರಿದ ಕಾಗದ ಶಾಖವನ್ನು ತಡೆಯುವುದಿಲ್ಲ. ತಡೆಯಬೇಕಾದರೆ ನೀರು ಹಿಡಿಯದ, ಗುಳ್ಳೆ ತುಂಬಿದ ದಪ್ಪ ಕವಚವೇ ಬೇಕು.

ಕರ್ನಾಟಕದಲ್ಲಿ 650 ಮಿಲಿಯ ಬಾಟಲಿಯನ್ನು ಇಬ್ಬರು ಮೂವರು ಹಂಚಿಕೊಳ್ಳುವುದು ಹಳೆಯ ಅಭ್ಯಾಸ. ಬೆಂಗಳೂರಿನ ಪಬ್ಬುಗಳ ‘ಪಿಚ್ಚರ್’ ಎಂಬ ದೊಡ್ಡ ಜಗ್ಗೂ ಅದೇ ದಾರಿಯದು. ಅಂದರೆ ಬ್ರೆಜಿಲಿನ ಪದ್ಧತಿಯ ಅರ್ಧ ನಮ್ಮಲ್ಲಿ ಆಗಲೇ ಇದೆ. ತಪ್ಪುತ್ತಿರುವುದು ಉಳಿದರ್ಧ. ಬಾಟಲಿಯೂ ಪಿಚ್ಚರೂ ಬರಿಮೈಯಲ್ಲಿ ಮೇಜಿನ ಮೇಲೆ ನಿಂತಿರುತ್ತವೆ, ಅತ್ತ ದೊಡ್ಡ ಮಗ್ಗನ್ನು ಕಂಠಮಟ್ಟ ತುಂಬಿಸಿ ಇಟ್ಟಿರುತ್ತಾರೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಸಂಜೆಯ ಹವೆಯಲ್ಲಿ ಅದು ಹೇಗೋ ನಡೆದೀತು. ಮಲ್ಪೆ, ಕಾರವಾರ, ಸುರತ್ಕಲ್ಲಿನ ಕಡಲಬದಿಯ ಬಾರಿನಲ್ಲಿ ಮೀನು ಫ್ರೈ ಬರುವಷ್ಟರಲ್ಲಿ ಮಗ್ಗಿನ ತಳದ ಬಿಯರು ಉಗುರುಬೆಚ್ಚಗಾಗಿರುತ್ತದೆ. ಅಲ್ಲಿನ ಮಾಲೀಕರು ಮೇಜಿಗೊಂದು ಬಕೆಟ್ ಇಡುವುದಾದರೆ ಬರಿ ಐಸಿನ ತುಂಡು ತುಂಬಿಸಿದರೆ ಸಾಲದು, ಅದಕ್ಕೆ ನೀರನ್ನೂ ಸುರಿಯಬೇಕು. ತುಂಡುಗಳು ಬಾಟಲಿಯನ್ನು ಅಲ್ಲಲ್ಲಿ ಮುಟ್ಟುತ್ತವೆ, ನೀರು ಮೈಯೆಲ್ಲ ಮುಟ್ಟುತ್ತದೆ. ಸಣ್ಣ ಗ್ಲಾಸಿಗಾಗಿ ಹೊಸದೇನನ್ನೂ ಕೊಳ್ಳಬೇಕಿಲ್ಲ. ಕುಡಿಯುವ ನೀರಿಗೆಂದು ಪ್ರತಿ ಮೇಜಿನ ಮೇಲೂ ಇಟ್ಟಿರುವ ಗಾಜಿನ ಲೋಟದ ಅಳತೆ ಬ್ರೆಜಿಲಿನ ಗ್ಲಾಸಿಗೆ ಹತ್ತಿರದ್ದೇ. ಮಗ್ಗನ್ನು ಆಚೆ ಸರಿಸಿ ಅದಕ್ಕೆ ಸುರಿದುಕೊಂಡರೆ ಆಯಿತು.